ಯಾವುದು ಬಿಗಿಯಿರಬೇಕು, ಯಾವುದು ಬಿಡಬೇಕು?



ಪುತ್ತೂರಿನ ಶ್ರೀ ಮಹಾಲಿಂಗೇಶ್ವರ ದೇವರ ಜಾತ್ರೆ ನಿಮಗೆಲ್ಲ ಗೊತ್ತು. ಏಪ್ರಿಲ್ 17ರ ಬ್ರಹ್ಮರಥೋತ್ಸವದ ರಾತ್ರಿ ‘ಪುತ್ತೂರು ಬೆಡಿ’ ನೋಡಲೆಂದೇ ಸುಳ್ಯ, ಕಡಬದ ಕಡೆಯಿಂದ ಜನ ಬರುತ್ತಾರೆ. ಹಾಗಾಗಿ ನಾನು ಶಾಲೆಗಳಿಗೆ ಹೋಗಿ “ರಾಕೆಟ್ ಎಂದರೇನು?” ಎಂದು ಕೇಳಿದರೆ ಉತ್ತರಕ್ಕೆ ಬರಗಾಲವಿಲ್ಲ. “ಬೆಡಿ ಟೀಚರ್, ಸುಂಯ್ ಎಂದು ಮೇಲೆ ಹೋಗಿ ಒಡೆಯುತ್ತದೆ” ಎನ್ನುತ್ತಾರೆ. ಉತ್ತರ ತಪ್ಪಲ್ಲ. ಆದರೆ ಒಡೆಯದೆ, ಮೇಲೆ ಹೋಗಿ, ನಿಧಾನವಾಗಿ ಕೆಳಗಿಳಿದು, ಮರುದಿನ ಮತ್ತೆ ಹಾರಬೇಕಾದ ರಾಕೆಟ್ ಕೂಡ ಇದೆ. ಅಂಥದೊಂದನ್ನು ಜೋಡಿಸಲು ಹೋಗಿ ನಾನೂ ಕೆಲವು ಮಕ್ಕಳೂ ಕಲಿತ ಸಂಗತಿಯನ್ನು ಇಲ್ಲಿ ಹೇಳುತ್ತೇನೆ.

ಕಡಬ ತಾಲೂಕಿನ ಒಂದು ಶಾಲೆಗೆ ಜೂನ್ ತಿಂಗಳಲ್ಲಿ ಹೋಗಿದ್ದೆ. ಅಲ್ಲಿ ಓದಿ ಈಗ ಹೊರದೇಶದಲ್ಲಿರುವವರೊಬ್ಬರು ಊರಿಗೆ ಬಂದಾಗ ಮಾದರಿ ರಾಕೆಟಿನ ಕಿಟ್ ಒಂದನ್ನು ಶಾಲೆಗೆ ಕೊಟ್ಟಿದ್ದರು. ಪೆಟ್ಟಿಗೆಯಲ್ಲಿ ಕಾಗದದ ಉದ್ದ ಕೊಳವೆ, ಬಾಲ್ಸಾ ಎಂಬ ತೀರ ಹಗುರವಾದ ಮರದಿಂದ ಕಡೆದ ಚೂಪು ಮೂತಿ, ಅದೇ ಮರದ ತೆಳು ಹಲಗೆಯ ಮೂರು ರೆಕ್ಕೆಗಳು, ಎಂಜಿನ್ ಕೂರಿಸಲು ಒಂದು ಸಣ್ಣ ಒಳಕೊಳವೆ, ಅದಕ್ಕೆ ತೊಡಿಸಲು ಎರಡು ರಟ್ಟಿನ ಬಳೆ, ಒಂದು ಪ್ಲಾಸ್ಟಿಕ್ ಪ್ಯಾರಾಶೂಟ್, ಸ್ವಲ್ಪ ಇಲಾಸ್ಟಿಕ್ ದಾರ, ಸ್ಟ್ರಾ ತುಂಡಿನಂಥ ಒಂದು ಪುಟ್ಟ ನಳಿಗೆ ಇದ್ದವು. ಎಂಜಿನ್ ಮಾತ್ರ ಇರಲಿಲ್ಲ. ಅದರೊಳಗೆ ಮದ್ದು ತುಂಬಿರುವುದರಿಂದ ವಿಮಾನದ ಪ್ರಯಾಣಿಕರು ಅದನ್ನು ತರುವಂತಿಲ್ಲ.

“ಎಂಜಿನ್ ಇಲ್ಲದ ರಾಕೆಟ್ ಎಂತಕ್ಕೆ ಟೀಚರ್?” ಎಂದು ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ.

“ಜೋಡಿಸಲಿಕ್ಕೆ” ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಅಂಟಿಸುವ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ಮೂತಿಯನ್ನು ಕೊಳವೆಗೆ ಕೂರಿಸುವಾಗ ಒಬ್ಬಳು ಹುಡುಗಿ “ಇದು ಹೋಗುವುದಿಲ್ಲ ಟೀಚರ್, ಬಿಗಿ ಉಂಟು” ಎಂದಳು. ನಾನು “ಬಿಗಿ ಇದ್ದರೆ ಒಳ್ಳೆಯದೇ, ತಿರುಗಿಸಿ ಒತ್ತು” ಎಂದೆ. ಒತ್ತಿದಳು, ಹೋಯಿತು. ಒಂದು ವಾರ ಬಿಟ್ಟು ಮತ್ತೆ ಹೋದಾಗ ಪರೀಕ್ಷೆ ಮಾಡಿದೆವು. ಖಾಲಿ ಪ್ಲಾಸ್ಟಿಕ್ ಬಾಟಲಿಯ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ, ಅದರ ಇನ್ನೊಂದು ತುದಿಯನ್ನು ರಾಕೆಟಿನ ಹಿಂಭಾಗದ ಒಳಕೊಳವೆಗೆ ಬಿಗಿದು, ಬಾಟಲಿಯನ್ನು ಕಾಲಿನಿಂದ ಮೆಟ್ಟಿದೆವು. ಗಾಳಿ ಒಳನುಗ್ಗಿ ಮೂತಿಯನ್ನು ಹೊರಕ್ಕೆ ತಳ್ಳಬೇಕು, ಪ್ಯಾರಾಶೂಟ್ ಹೊರಬರಬೇಕು. ಆದದ್ದೇ ಬೇರೆ. ಮೂತಿ ಅಲುಗಲಿಲ್ಲ. ಹಿಂದೆ ಅಂಟಿಸಿದ್ದ ಒಳಕೊಳವೆಯೇ ಬಳೆಗಳ ಸಮೇತ ಕಿತ್ತು ಈಚೆಗೆ ಬಂತು! ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ, ಬಿಡಬೇಕಾದ ಕೂಡಿಕೆ ಬಿಡಲಿಲ್ಲ, ಬಿಡಬಾರದ ಕೂಡಿಕೆ ಬಿಟ್ಟಿತು ಎಂಬುದು ತಲೆಯಲ್ಲಿ ಕೊರೆಯತೊಡಗಿತು. ಎರಡು ತಪ್ಪೂ ನನ್ನವೇ.

ಚಪ್ಪಲಿ ಅಂಗಡಿಯವರ ರಾಕೆಟ್

ಇಂಥ ಕಿಟ್ ಹುಟ್ಟಿದ್ದು ಹೇಗೆಂದು ಮೊದಲು ತಿಳಿಯೋಣ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಿ ಆರ್ವಿಲ್ ಕಾರ್ಲೈಲ್ ಎಂಬವರು ಚಪ್ಪಲಿ, ಬೂಟುಗಳ ಅಂಗಡಿ ಇಟ್ಟಿದ್ದರು. ಅವರಿಗೆ ಸಿಡಿಮದ್ದಿನ ಹವ್ಯಾಸ, ಅವರ ಸಹೋದರ ರಾಬರ್ಟ್‌ಗೆ ಮಾದರಿ ವಿಮಾನದ ಹವ್ಯಾಸ. ಇಬ್ಬರೂ ಸೇರಿ 1954ರಲ್ಲಿ ಕಾಗದ ಮತ್ತು ಹಗುರ ಮರದಿಂದ ಒಂದು ಪುಟ್ಟ ರಾಕೆಟ್ ಮಾಡಿದರು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕದ ಮಕ್ಕಳಿಗೆಲ್ಲ ರಾಕೆಟಿನ ಹುಚ್ಚು ಹಿಡಿಯಿತು. ಕಬ್ಬಿಣದ ಕೊಳವೆಗೆ ಕಂಡಕಂಡ ಮದ್ದು ತುಂಬಿ ಕೈ, ಕಣ್ಣು ಕಳೆದುಕೊಂಡವರಿದ್ದರು. ಅದೇ ವರ್ಷ ಹ್ಯಾರಿ ಸ್ಟೈನ್ ಎಂಬ ಎಂಜಿನಿಯರ್ ಕಾರ್ಲೈಲ್ ಅವರ ರಾಕೆಟನ್ನು ಕಂಡು, ಮದ್ದು ತುಂಬುವ ಕೆಲಸ ಕಾರ್ಖಾನೆಯಲ್ಲಾಗಲಿ, ಮಕ್ಕಳ ಕೈಗೆ ಜೋಡಿಸುವ ಕೆಲಸ ಮಾತ್ರ ಬರಲಿ ಎಂದು ಹೊರಟರು. ಹೀಗೆ ಕಿಟ್ ಬಂತು.

ಆದ್ದರಿಂದ ಈ ಲೇಖನ ಓದಿ ಯಾರೂ ಪಟಾಕಿ ಬಿಚ್ಚಿ ಮದ್ದು ತೆಗೆಯಬೇಡಿ. ಜಾತ್ರೆ ಗದ್ದೆಯಲ್ಲಿ ಮರುದಿನ ಬೆಳಿಗ್ಗೆ ಉರಿಯದೆ ಉಳಿದ ಗುಂಡುಗಳನ್ನು ಹೆಕ್ಕುವವರಿದ್ದಾರೆಂದು ನನಗೆ ಗೊತ್ತು. ಅವುಗಳನ್ನು ಮುಟ್ಟುವುದೂ ಬೇಡ. ಮದ್ದಿಲ್ಲದೆ ಹಾರುವ ರಾಕೆಟ್ ಒಂದನ್ನು ಕೊನೆಯಲ್ಲಿ ಹೇಳಿಕೊಡುತ್ತೇನೆ.

ಕೂಡಿಕೆಗೆ ಅದರ ಕೆಲಸ ಕೇಳಿ

ಮಾದರಿ ರಾಕೆಟಿನ ಎಂಜಿನ್ ಒಂದೆರಡು ಸೆಕೆಂಡು ಉರಿದು ರಾಕೆಟನ್ನು ಮೇಲಕ್ಕೆ ತಳ್ಳುತ್ತದೆ. ಆಮೇಲೆ ಕೆಲವು ಸೆಕೆಂಡು ರಾಕೆಟ್ ತನ್ನ ವೇಗದಿಂದಲೇ ಏರುತ್ತದೆ. ಏರಿ ಸುಸ್ತಾಗುವ ಹೊತ್ತಿಗೆ ಎಂಜಿನ್ನಿನ ಮೇಲ್ಭಾಗದಲ್ಲಿರುವ ಚಿಟಿಕೆ ಮದ್ದು ಉರಿದು ಕೊಳವೆಯೊಳಗೆ ಮುಮ್ಮುಖವಾಗಿ ಅನಿಲವನ್ನು ಊದುತ್ತದೆ. ಮೂತಿ ಕಳಚಿ ಪ್ಯಾರಾಶೂಟ್ ಹೊರಬರುತ್ತದೆ. ಮೂತಿಗೂ ಕೊಳವೆಗೂ ನಡುವೆ ಇಲಾಸ್ಟಿಕ್ ದಾರ ಇರುವುದರಿಂದ ಎರಡೂ ಒಟ್ಟಿಗೇ ಇಳಿಯುತ್ತವೆ.

ಈಗ ಯೋಚಿಸಿ. ರೆಕ್ಕೆಗೂ ಕೊಳವೆಗೂ ಇರುವ ಕೂಡಿಕೆ ಎಂದೆಂದಿಗೂ ಬಿಡಬಾರದು. ಎಂಜಿನ್ ಕೂರುವ ಒಳಕೊಳವೆಯೂ ಹಾಗೆಯೇ. ಮೂತಿಯ ಕೂಡಿಕೆ ಏರುವಷ್ಟು ಹೊತ್ತು ಇರಬೇಕು, ಅನಿಲ ತಳ್ಳಿದ ಕೂಡಲೇ ಬಿಡಬೇಕು. ಹೊರಗೆ ಅಂಟಿಸುವ ಆ ಪುಟ್ಟ ನಳಿಗೆಯೊಳಗೆ ಉಡಾವಣೆಯ ಸರಳು ಹೋಗುತ್ತದೆ. ರಾಕೆಟ್ ಹೊರಡುವಾಗ ಆ ಸರಳಿನ ಮೇಲೆ ಜಾರಿಕೊಂಡು ಹೋಗಬೇಕು, ಎಲ್ಲೂ ಸಿಕ್ಕಿಕೊಳ್ಳಬಾರದು. ಒಂದೇ ರಾಕೆಟಿನಲ್ಲಿ ಒಂದು ಕೂಡಿಕೆ ಹಿಡಿಯಬೇಕು, ಒಂದು ಬಿಡಬೇಕು, ಒಂದು ಜಾರಬೇಕು. ನಾನು ಆ ಹುಡುಗಿಗೆ “ಬಿಗಿ ಇದ್ದರೆ ಒಳ್ಳೆಯದೇ” ಎಂದದ್ದು ಎಷ್ಟು ದಡ್ಡ ಮಾತು ನೋಡಿ. ಯಾವ ಕೂಡಿಕೆ ಎಂದು ಕೇಳದೆ ಬಿಗಿ ಒಳ್ಳೆಯದೋ ಸಡಿಲ ಒಳ್ಳೆಯದೋ ಹೇಳಲು ಬರುವುದಿಲ್ಲ.

ಅಂಟು ಹಚ್ಚುವ ಮೊದಲು ಎಲ್ಲ ಭಾಗಗಳನ್ನೂ ಒಮ್ಮೆ ಅಂಟಿಲ್ಲದೆ ಜೋಡಿಸಿ ನೋಡಬೇಕು. ಬಟ್ಟೆ ಹೊಲಿಯುವ ದರ್ಜಿ ಮೊದಲು ಉದ್ದ ನೂಲಿನ ಕಚ್ಚಾ ಹೊಲಿಗೆ ಹಾಕುವುದಿಲ್ಲವೇ, ಹಾಗೆ. ಅಂಟು ಒಣಗಿದ ಮೇಲೆ ತಪ್ಪು ಕಂಡರೆ ಕೊಳವೆ ಹರಿಯದೆ ಭಾಗಗಳು ಬಿಡವು.

ಮಳೆಗಾಲದ ಕದ

ಆ ಮೂತಿ ಯಾಕೆ ಬಿಗಿಯಾಗಿತ್ತು? ಕಾರ್ಖಾನೆಯವರು ಅಳತೆ ತಪ್ಪಿದರೇ? ಇಲ್ಲ. ನಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಮ್ಮ ಮನೆಯ ಮರದ ಕದ ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುತ್ತದೆ, ಆಟಿ ತಿಂಗಳಲ್ಲಿ ದಾರಂದಕ್ಕೆ ಸಿಕ್ಕಿ ಕಿರ್ರೆನ್ನುತ್ತದೆ. ಗಾಳಿಯಲ್ಲಿರುವ ತೇವವನ್ನು ಮರ ಹೀರಿ ಉಬ್ಬುತ್ತದೆ. ತಿಳಿದ ಆಚಾರಿಗಳು ಬೇಸಿಗೆಯಲ್ಲಿ ಕದ ಕೂರಿಸುವಾಗ ಮಳೆಗಾಲಕ್ಕೆಂದು ಸ್ವಲ್ಪ ಸಂದು ಬಿಟ್ಟೇ ಕೂರಿಸುತ್ತಾರೆ.

ಇನ್ನೂ ಒಂದು ವಿಷಯ ಗಮನಿಸಿ. ಮರ ಎಲ್ಲ ದಿಕ್ಕಿಗೂ ಒಂದೇ ರೀತಿ ಉಬ್ಬುವುದಿಲ್ಲ. ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಉಬ್ಬುವುದೇ ಇಲ್ಲ, ಎಳೆಗೆ ಅಡ್ಡಲಾಗಿ ಉಬ್ಬುತ್ತದೆ. ಕದ ಅಗಲದಲ್ಲಿ ಸಿಕ್ಕಿಕೊಳ್ಳುವುದೇ ಹೆಚ್ಚು, ಎತ್ತರದಲ್ಲಿ ಕಡಿಮೆ. ನಮ್ಮ ರಾಕೆಟಿನ ಮೂತಿಯನ್ನು ಎಳೆ ಉದ್ದಕ್ಕೆ ಬರುವಂತೆ ಕಡೆದಿರುತ್ತಾರೆ. ಹಾಗಾಗಿ ಅದರ ಉದ್ದ ಬದಲಾಗದು, ದಪ್ಪ ಬದಲಾಗುತ್ತದೆ. ಆ ಕಿಟ್ಟಿನ ಕೊಳವೆಯ ಒಳವ್ಯಾಸ ಸುಮಾರು 24 ಮಿ.ಮೀ. ಮೂತಿಯ ಬುಡ ನೂರರಲ್ಲಿ ಒಂದು ಪಾಲು ಉಬ್ಬಿದರೂ 0.24 ಮಿ.ಮೀ. ಹೆಚ್ಚಾಯಿತು. ನೋಟ್‌ಬುಕ್ಕಿನ ಎರಡು ಹಾಳೆಯ ದಪ್ಪಕ್ಕಿಂತ ತುಸು ಹೆಚ್ಚು, ಅಷ್ಟೆ. ಅಷ್ಟು ಸಾಕು, ಸಲೀಸಾಗಿ ಹೋಗುತ್ತಿದ್ದುದು ಸಿಕ್ಕಿಹಾಕಿಕೊಳ್ಳಲು. ಅದನ್ನು ತಿರುಗಿಸಿ ಒತ್ತಿ ಕೂರಿಸಿ, ಒಂದು ವಾರ ಮಳೆಯ ಗಾಳಿಯಲ್ಲಿ ಇಟ್ಟೆವು. ಇನ್ನಷ್ಟು ಉಬ್ಬಿತು.

ಸರಿಪಡಿಸುವುದು ಕಷ್ಟವಲ್ಲ. ನಯವಾದ ಸ್ಯಾಂಡ್‌ಪೇಪರ್, ಅಂದರೆ ಉಪ್ಪುಕಾಗದ, ಬುಡದ ಸುತ್ತಲೂ ಸಮನಾಗಿ ಒಂದೆರಡು ಸುತ್ತು ಉಜ್ಜಿ ಹಾಕಿ ನೋಡಬೇಕು. ಮತ್ತೆ ಉಜ್ಜಬೇಕು, ಮತ್ತೆ ಹಾಕಿ ನೋಡಬೇಕು. ಒಂದೇ ಸಲ ಜೋರಾಗಿ ಉಜ್ಜಿದರೆ ಮೂತಿ ಲಡಬಡ ಅಲುಗುತ್ತದೆ. ಹಾಗೆ ಸಡಿಲವಾದರೆ ಬುಡಕ್ಕೆ ಸೆಲ್ಲೋ ಟೇಪ್ ಸುತ್ತಬಹುದು. ಟೇಪಿನ ದಪ್ಪ ಸುಮಾರು 0.05 ಮಿ.ಮೀ. ಎಂದಿಟ್ಟುಕೊಳ್ಳಿ. ಒಂದು ಸುತ್ತು ಸುತ್ತಿದರೆ ವ್ಯಾಸ ಎಷ್ಟು ಹೆಚ್ಚುತ್ತದೆ? ಹೆಚ್ಚಿನವರು 0.05 ಎನ್ನುತ್ತಾರೆ. ಅಲ್ಲ, 0.1. ಆ ಬದಿಗೂ ಟೇಪ್ ಇದೆ, ಈ ಬದಿಗೂ ಇದೆ.

ಸರಿಯಾಯಿತೆಂದು ತಿಳಿಯುವುದು ಹೇಗೆ? ರಾಕೆಟನ್ನು ತಲೆಕೆಳಗಾಗಿ ಹಿಡಿಯಿರಿ. ಮೂತಿ ತನ್ನ ಭಾರಕ್ಕೇ ಬೀಳಬಾರದು. ಎರಡು ಬೆರಳಿನಲ್ಲಿ ಹಿಡಿದು ಮೆಲ್ಲನೆ ಎಳೆದರೆ ಬರಬೇಕು. ಇದನ್ನು ಜೋಡಿಸಿದ ದಿನ ನೋಡಿದರೆ ಸಾಲದು, ಹಾರಿಸುವ ದಿನ ನೋಡಬೇಕು. ಏಪ್ರಿಲಿನಲ್ಲಿ ಸರಿಯಿದ್ದದ್ದು ಜೂನಿನಲ್ಲಿ ಸರಿಯಿರುತ್ತದೆಂದು ಹೇಳಲಾಗದು.

ಬಿಡಬೇಕಾದ ಕೂಡಿಕೆ ಬಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2017ರ ಆಗಸ್ಟ್ 31ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ರಾಕೆಟ್ ಐಆರ್‌ಎನ್‌ಎಸ್‌ಎಸ್-1ಎಚ್ ಎಂಬ ಉಪಗ್ರಹವನ್ನು ಹೊತ್ತು ಹೊರಟಿತು. ಎಂಜಿನ್‌ಗಳೆಲ್ಲ ಕೆಲಸ ಮಾಡಿದವು. ಆದರೆ ಉಪಗ್ರಹವನ್ನು ಮುಚ್ಚಿದ್ದ ಮೂತಿಯ ಕವಚ ಎರಡು ಹೋಳಾಗಿ ಕಳಚಿ ಬೀಳಬೇಕಿತ್ತು, ಬೀಳಲಿಲ್ಲ. ಆ ಭಾರವನ್ನೂ ಹೊತ್ತು ರಾಕೆಟ್ ಸಾಗಿತು, ಉಪಗ್ರಹ ಮುಚ್ಚಿದ ಕವಚದೊಳಗೇ ಉಳಿದುಹೋಯಿತು. ಇದಕ್ಕೆ ವಿರುದ್ಧವಾದದ್ದು 2010ರ ಡಿಸೆಂಬರ್ 25ರಂದು ನಡೆದಿತ್ತು. ಅಂದು ಜಿಎಸ್‌ಎಲ್‌ವಿ ರಾಕೆಟಿನಲ್ಲಿ ನಿಯಂತ್ರಣದ ಸಂದೇಶಗಳನ್ನು ಒಯ್ಯುವ ಹತ್ತು ಕನೆಕ್ಟರುಗಳು, ಕಳಚಬೇಕಾದ ಹೊತ್ತಿಗೆ ಮೊದಲೇ ಕಳಚಿಕೊಂಡವು. ಒಂದು ನಿಮಿಷದ ಒಳಗೇ ರಾಕೆಟ್ ಹತೋಟಿ ತಪ್ಪಿತು. ಕಡಬದ ಶಾಲೆಯ ಜಗಲಿಯಲ್ಲಿ ನಾವು ಕಂಡದ್ದು ಈ ಎರಡನ್ನೂ ಒಂದೇ ಮೆಟ್ಟಿಗೆ!

ಅಂಟು ಎಲ್ಲಿಗೆ ಹಚ್ಚಬೇಕು

ಈಗ ಎರಡನೆಯ ತಪ್ಪು, ಕಿತ್ತು ಬಂದ ಒಳಕೊಳವೆ. ಮಕ್ಕಳು ರಟ್ಟಿನ ಬಳೆಗಳ ಹೊರಮೈಗೆ ಫೆವಿಕಾಲನ್ನು ಧಾರಾಳವಾಗಿ ಹಚ್ಚಿ ಒಳಗೆ ತೂರಿಸಿದ್ದರು. ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಆದರೆ ಬಳೆ ಕೊಳವೆಯ ಬಾಯಿಗೆ ತಾಗಿದ ಕೂಡಲೇ ಅಂಟೆಲ್ಲ ಹಿಂದಕ್ಕೆ ಒರೆಸಿಹೋಗುತ್ತದೆ. ಬೆಲ್ಲದ ಪಾಕದ ಚಮಚವನ್ನು ಬಾಟಲಿಯ ಬಾಯಿಗೆ ಒರೆಸಿದ ಹಾಗೆ. ಒಳಗೆ ಹೋದ ಬಳೆ ಒಣ ಬಳೆಯೇ.

ಸರಿಯಾದ ಕ್ರಮ ಹೀಗೆ: ಬಳೆ ಎಲ್ಲಿಯವರೆಗೆ ಹೋಗಬೇಕೆಂದು ಅಳೆದು ಒಂದು ಕಡ್ಡಿಯ ಮೇಲೆ ಗುರುತು ಹಾಕಿ. ಆ ಕಡ್ಡಿಯ ತುದಿಗೆ ಅಂಟು ಹಚ್ಚಿ, ಕೊಳವೆಯೊಳಗೆ ಗುರುತಿನವರೆಗೆ ತೂರಿಸಿ, ಬಳೆ ನಿಲ್ಲುವ ಜಾಗಕ್ಕಿಂತ ಸ್ವಲ್ಪ ಈಚೆಗೆ ಒಳಮೈಯ ಸುತ್ತ ಅಂಟಿನ ಉಂಗುರ ಮಾಡಿ. ಬಳೆಯನ್ನು ತಳ್ಳಿದಂತೆ ಅಂಟು ಅದರ ಮುಂದೆ ಮುಂದೆ ಹೋಗಿ ಕೊನೆಗೆ ಮೂಲೆಯಲ್ಲಿ ಕೂರುತ್ತದೆ. ತಳ್ಳುವಾಗ ನಡುವೆ ನಿಲ್ಲಿಸಲೇಬಾರದು. ಬಿಳಿ ಅಂಟಿನಲ್ಲಿರುವ ನೀರನ್ನು ಕಾಗದ ಹೀರಿ ಉಬ್ಬುತ್ತದೆ, ಕೆಲವೇ ಸೆಕೆಂಡಿನಲ್ಲಿ ಕಚ್ಚಿಕೊಳ್ಳುತ್ತದೆ. ಅರ್ಧಕ್ಕೆ ನಿಲ್ಲಿಸಿ “ಟೀಚರ್, ಸರಿಯಾ?” ಎಂದು ಕೇಳಿದರೆ ಮುಗಿಯಿತು, ಅದು ಅಲ್ಲಿಯೇ ನಿಲ್ಲುತ್ತದೆ.

ರೆಕ್ಕೆ ಅಂಟಿಸುವುದಕ್ಕೆ ಬೇರೆ ಉಪಾಯ. ರೆಕ್ಕೆಯ ಬುಡಕ್ಕೂ ಕೊಳವೆಯ ಗೆರೆಯ ಮೇಲೂ ತೆಳುವಾಗಿ ಅಂಟು ಸವರಿ ಒಣಗಲು ಬಿಡಿ. ಕಾಗದ, ಮರ ಎರಡೂ ಕುಡಿಯುವಷ್ಟು ಕುಡಿಯಲಿ. ಆಮೇಲೆ ಎರಡನೆಯ ಸಲ ಹಚ್ಚಿ ಒತ್ತಿ ಹಿಡಿದರೆ ಬೇಗ ಕಚ್ಚಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ರೆಕ್ಕೆ ಮತ್ತು ಕೊಳವೆ ಸೇರುವ ಮೂಲೆಯ ಉದ್ದಕ್ಕೂ ಇನ್ನೊಂದು ಸಪೂರ ಎಳೆ ಅಂಟು ಬಿಟ್ಟು ಬೆರಳಿನಿಂದ ನಯ ಮಾಡಿ. ಅಂಟು ಹಿಡಿಯುವ ಜಾಗ ಹೆಚ್ಚುವುದರಿಂದ ಕೂಡಿಕೆಯ ಬಲವೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಒಣಗಲು ಬೇಸಿಗೆಗಿಂತ ಹೆಚ್ಚು ಹೊತ್ತು ಬೇಕು, ಒಂದು ರಾತ್ರಿ ಬಿಡುವುದು ಒಳ್ಳೆಯದು. ಒಲೆಯ ಹತ್ತಿರ ಇಡಬೇಡಿ, ತೆಳು ಹಲಗೆ ಸೊಟ್ಟಗಾಗುತ್ತದೆ.

ಮೂರು ರೆಕ್ಕೆಗಳನ್ನು ಸಮ ದೂರದಲ್ಲಿ ಕೂರಿಸಲು ಕೋನಮಾಪಕ ಬೇಡ. ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಒಂದು ಸುತ್ತು ಸುತ್ತಿ ಸೇರುವಲ್ಲಿ ಕತ್ತರಿಸಿ. ನಮ್ಮ ಕೊಳವೆಯ ಹೊರವ್ಯಾಸ 24.8 ಮಿ.ಮೀ., ಅದನ್ನು 3.14ರಿಂದ ಗುಣಿಸಿದರೆ ಹೆಚ್ಚುಕಡಿಮೆ 78 ಮಿ.ಮೀ. ಪಟ್ಟಿಯನ್ನು ಅಳೆದಾಗಲೂ ಅಷ್ಟೇ ಬಂತು. ಮೂರರಿಂದ ಭಾಗಿಸಿದರೆ 26. ಪಟ್ಟಿಯ ಮೇಲೆ 26 ಮಿ.ಮೀ.ಗೆ ಒಂದರಂತೆ ಗುರುತು ಹಾಕಿ ಮತ್ತೆ ಕೊಳವೆಗೆ ಸುತ್ತಿ ಗುರುತುಗಳನ್ನು ಅದಕ್ಕೆ ಇಳಿಸಿ. ಉದ್ದ ಗೆರೆ ನೇರವಾಗಿ ಎಳೆಯಲು ಕೊಳವೆಯನ್ನು ದಾರಂದದ ಒಳಮೂಲೆಗೆ ಒತ್ತಿ ಹಿಡಿದು, ಮರದ ಅಂಚನ್ನೇ ಸ್ಕೇಲಿನಂತೆ ಬಳಸಿ. ಉರುಟು ವಸ್ತುವಿನ ಮೇಲೆ ಸ್ಕೇಲ್ ಇಟ್ಟರೆ ಜಾರುತ್ತದೆ, ಮೂಲೆಯಲ್ಲಿ ಜಾರುವುದಿಲ್ಲ. ಇನ್ನೊಂದು ಮಾತು, ರೆಕ್ಕೆಯ ಮರದ ಎಳೆ ಕೊಳವೆಯಿಂದ ಹೊರಮುಖವಾಗಿ, ಮುಂದಿನ ಅಂಚಿಗೆ ಸಮಾನಾಂತರವಾಗಿ ಇರಬೇಕು. ಕೊಳವೆಯ ಉದ್ದಕ್ಕಿದ್ದರೆ ಸೌದೆ ಸೀಳಿದ ಹಾಗೆ ಬುಡದಲ್ಲೇ ಸೀಳಿಹೋಗುತ್ತದೆ.

ರೆಕ್ಕೆ ಸ್ವಲ್ಪ ಓರೆಯಾದರೆ ಏನು ಮಹಾ ಎಂದು ಕೇಳಬಹುದು. ಓರೆ ರೆಕ್ಕೆಯನ್ನು ಗಾಳಿ ಒಂದು ಬದಿಗೆ ತಳ್ಳುತ್ತದೆ, ರಾಕೆಟ್ ಆಕಾಶಕ್ಕೆ ಹೋಗುವ ಬದಲು ಬಾಗಿ ನೋಡುತ್ತ ನಿಂತವರ ಕಡೆಗೂ ಬರಬಹುದು. ನೇರ ರೇಖೆಯ ಈ ಸಮಸ್ಯೆ ಹಳೆಯದು. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದ ಮೈಸೂರು ರಾಕೆಟುಗಳಲ್ಲಿ ಮದ್ದು ತುಂಬಿದ ಕಬ್ಬಿಣದ ಕೊಳವೆಯನ್ನು ಬಿದಿರಿನ ಕೋಲಿನ ಪಕ್ಕಕ್ಕೆ ಚರ್ಮದ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದರು. 1780ರ ಪೊಳ್ಳಿಲೂರು ಕದನದಲ್ಲಿ ಬ್ರಿಟಿಷರು ಇವುಗಳ ಪೆಟ್ಟು ತಿಂದರು. 2018ರಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ ಹಾಳುಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟುಗಳು ಸಿಕ್ಕಿದವು. ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ಮೈಸೂರಿನ ರಾಕೆಟುಗಳನ್ನು ನೋಡಿ ತನ್ನದನ್ನು ಮಾಡಿದ. ಮೊದಲು ಅವನೂ ಕೋಲನ್ನು ಪಕ್ಕಕ್ಕೇ ಕಟ್ಟಿದ. ಪಕ್ಕದಲ್ಲಿ ಕೋಲಿದ್ದರೆ ಭಾರ ಒಂದು ಬದಿಗೆ, ತಳ್ಳುವ ಬಲ ಇನ್ನೊಂದು ಬದಿಗೆ. 1815ರ ಹೊತ್ತಿಗೆ ಅವನು ಕೋಲನ್ನು ಬುಡದ ನಡುಮಧ್ಯಕ್ಕೆ ತಂದ. ಕೋಲು ಅದೇ, ಮದ್ದು ಅದೇ. ಕೂಡಿಸಿದ ಜಾಗ ಬದಲಾಯಿತು, ಗುರಿ ಸುಧಾರಿಸಿತು.

ಹೋಗದಿದ್ದರೆ ಬಡಿಯಬೇಡಿ

ಭಾಗವೊಂದು ಅದರ ಜಾಗಕ್ಕೆ ಹೋಗದಿದ್ದರೆ ಅದು ನಮಗೆ ಏನೋ ಹೇಳುತ್ತಿದೆ ಎಂದರ್ಥ. ಅಂಗೈಯಿಂದ ಬಡಿದು ಕೂರಿಸುವ ಅಭ್ಯಾಸ ದೊಡ್ಡವರಿಗೂ ಇದೆ. ಅದರ ಬೆಲೆಯನ್ನು 2013ರ ಜುಲೈ 2ರಂದು ರಷ್ಯಾ ತೆತ್ತಿತು. ಬೈಕೊನೂರಿನಿಂದ ಮೂರು ಉಪಗ್ರಹಗಳನ್ನು ಹೊತ್ತು ಹೊರಟ ಪ್ರೋಟಾನ್ ಎಂಬ ದೈತ್ಯ ರಾಕೆಟ್ ಮೇಲೇರಿದ ಕೂಡಲೇ ತೂರಾಡಿ, ತಲೆಕೆಳಗಾಗಿ, ಸುಮಾರು ಅರ್ಧ ನಿಮಿಷದಲ್ಲಿ ನೆಲಕ್ಕಪ್ಪಳಿಸಿತು. ರಾಕೆಟ್ ಯಾವ ಕಡೆಗೆ ತಿರುಗುತ್ತಿದೆ ಎಂದು ತಿಳಿಸುವ ಆರು ಸಂವೇದಕಗಳಲ್ಲಿ ಮೂರನ್ನು ತಲೆಕೆಳಗಾಗಿ ಕೂರಿಸಿದ್ದರು. ಮೇಲ್ಭಾಗ ಯಾವುದೆಂದು ತೋರಿಸುವ ಬಾಣದ ಗುರುತು ಅವುಗಳ ಮೇಲಿತ್ತು. ತಪ್ಪಾಗಿ ಕೂರಿಸದಂತೆ ಆ ಜಾಗದಲ್ಲಿ ಮೊಳೆಗಳೂ ಇದ್ದವು. ಅವಶೇಷಗಳನ್ನು ಪರೀಕ್ಷಿಸಿದಾಗ ಬಲವಂತವಾಗಿ ಒತ್ತಿ ಕೂರಿಸಿದ ಕಲೆಗಳು ಕಂಡವು. “ನಾನು ಹೀಗೆ ಕೂರುವುದಿಲ್ಲ” ಎಂದು ಆ ಭಾಗ ಹೇಳಿತ್ತು, ಕೇಳುವವರಿರಲಿಲ್ಲ. ನಮ್ಮ ಹುಡುಗಿ ಹೇಳಿದ್ದೂ ಅದನ್ನೇ ಅಲ್ಲವೇ?

ಮೆಟ್ಟು ರಾಕೆಟ್

ಇನ್ನು ನೀವೇ ಮಾಡುವ ರಾಕೆಟ್. ಖಾಲಿ ತಂಪು ಪಾನೀಯದ ದೊಡ್ಡ ಬಾಟಲಿ ಒಂದು, ಅರ್ಧ ಇಂಚಿನ ಪಿವಿಸಿ ಪೈಪು ಒಂದು ಮೀಟರ್, ಹಳೆ ಸೈಕಲ್ ಟ್ಯೂಬಿನ ತುಂಡು, ಬಳಸಿದ ಎ4 ಹಾಳೆ, ಸೆಲ್ಲೋ ಟೇಪ್, ಹಳೆ ಮದುವೆ ಕಾಗದ ಬೇಕು. ಪೈಪನ್ನು ಬಾಟಲಿಯ ಬಾಯಿಗೆ ಸೇರಿಸಿ ಟ್ಯೂಬಿನ ತುಂಡನ್ನು ಎಳೆದು ಎಳೆದು ಸುತ್ತಿ ಕಟ್ಟಿ. ಪೈಪು ಬಾಯಿಯೊಳಗೆ ಹೋದರೆ ಒಳ್ಳೆಯದು. ಎಲ್ಲ ಕಂಪೆನಿಯ ಪೈಪಿಗೂ ಒಂದೇ ದಪ್ಪ ಇರುವುದಿಲ್ಲ, ಅಂಗಡಿಗೆ ಹೋಗುವಾಗ ಬಾಟಲಿ ಕೊಂಡುಹೋಗಿ ಅಲ್ಲಿಯೇ ಹಾಕಿ ನೋಡಿ.

ಇಲ್ಲಿ ಇನ್ನೊಂದು ಬಗೆಯ ಕೂಡಿಕೆ ಬಂತು, ಸೋರಬಾರದ ಕೂಡಿಕೆ. ಪೈಪಿನ ತುದಿಯನ್ನು ಅಂಗೈಯಿಂದ ಮುಚ್ಚಿ ಬಾಟಲಿಯನ್ನು ಮೆಲ್ಲನೆ ಅದುಮಿ, ಕೂಡಿಕೆಗೆ ಸೋಪಿನ ನೀರು ಸವರಿ. ಪಂಕ್ಚರ್ ಅಂಗಡಿಯಲ್ಲಿ ಕಾಣುವಂತೆ ಗುಳ್ಳೆ ಬಂದರೆ ಸೋರುತ್ತಿದೆ. ಸೋರಬಾರದ ಕೂಡಿಕೆಯೊಂದು ಸೋರಿದ್ದರಿಂದಲೇ 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಹೊರಟ 73 ಸೆಕೆಂಡಿನಲ್ಲಿ ನಾಶವಾಗಿ ಏಳು ಮಂದಿ ಸತ್ತರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಶಿಕ್ಷಕಿಯೂ ಇದ್ದರು. ರಾಕೆಟಿನ ಎರಡು ತುಂಡುಗಳ ನಡುವಿನ ರಬ್ಬರಿನಂಥ ಉಂಗುರ ಆ ದಿನದ ಚಳಿಗೆ ಸೆಟೆದುಕೊಂಡು ಸಂದನ್ನು ತುಂಬಲಿಲ್ಲ. ರಿಚರ್ಡ್ ಫೈನ್‌ಮನ್ ಎಂಬ ವಿಜ್ಞಾನಿ ಆ ಉಂಗುರದ ತುಂಡನ್ನು ಮಂಜುಗಡ್ಡೆಯ ನೀರಿನ ಲೋಟದಲ್ಲಿ ಅದ್ದಿ ಎಲ್ಲರೆದುರಿಗೆ ಇದನ್ನು ತೋರಿಸಿದರು. ಅವರಿಗೆ ಚಳಿ, ನಮಗೆ ಮಳೆ.

ಈಗ ರಾಕೆಟ್. ಪೈಪಿಗೆ ಪತ್ರಿಕೆಯ ಹಾಳೆಯನ್ನು ಒಂದು ಸುತ್ತು ಸುತ್ತಿ, ಅದರ ಮೇಲೆ ಎ4 ಹಾಳೆಯನ್ನು ಕೊಳವೆಯಾಗಿ ಸುತ್ತಿ ಟೇಪ್ ಹಚ್ಚಿ, ಹೊರಗೆಳೆದು ಪತ್ರಿಕೆಯ ಹಾಳೆಯನ್ನು ತೆಗೆದುಬಿಡಿ. ರಾಕೆಟ್ ಪೈಪಿನ ಮೇಲೆ ಜಾರಲು ಬೇಕಾದ ಸಂದು ಸಿಕ್ಕಿತು. ಒಂದು ತುದಿಯನ್ನು ಮಡಚಿ ಟೇಪಿನಿಂದ ಭದ್ರವಾಗಿ ಮುಚ್ಚಿ. ಮದುವೆ ಕಾಗದದಿಂದ ಮೂರು ರೆಕ್ಕೆ ಕತ್ತರಿಸಿ ಇನ್ನೊಂದು ತುದಿಗೆ ಅಂಟಿಸಿ. ಗಮನಿಸಿದಿರಾ? ಕಿಟ್ಟಿನ ರಾಕೆಟಿನಲ್ಲಿ ಮೂತಿ ಕಳಚಬೇಕಿತ್ತು. ಇಲ್ಲಿ ಮೂತಿ ಕಳಚಲೇಬಾರದು; ಕಳಚಿದರೆ ಗಾಳಿಯೆಲ್ಲ ಮುಂದಿನಿಂದ ಹೋಗಿ ರಾಕೆಟ್ ಪೈಪಿನ ಮೇಲೆಯೇ ಕೂತಿರುತ್ತದೆ. ಭಾಗದ ಹೆಸರು ಅದೇ, ಕೆಲಸ ಬೇರೆ.

ಹಾರಿಸುವಾಗ ಪೈಪನ್ನು ಓರೆಯಾಗಿ ಮೇಲ್ಮುಖ ಮಾಡಿ ಇಟ್ಟಿಗೆಗೆ ಒರಗಿಸಿ ಕಟ್ಟಿ. ಅದರ ಮುಂದೆ ಯಾರೂ ನಿಲ್ಲಬಾರದು. ಪೈಪಿನ ಬಾಯಿಗೆ ಮುಖ ಒಡ್ಡಿ ಇಣುಕಬಾರದು. ಒಬ್ಬರು ಎಣಿಸಿದ ಮೇಲೆಯೇ ಇನ್ನೊಬ್ಬರು ಬಾಟಲಿಯನ್ನು ಮೆಟ್ಟಬೇಕು. ಶಿಕ್ಷಕರು ಜೊತೆಗಿರಲಿ.

ಒಂದು ರಾಕೆಟಿಗೆ ನಿಲ್ಲಿಸಬೇಡಿ, ಮೂರು ಮಾಡಿ. ಮೊದಲನೆಯದನ್ನು ಪತ್ರಿಕೆಯ ಹಾಳೆ ಇಲ್ಲದೆ ನೇರವಾಗಿ ಪೈಪಿಗೆ ಬಿಗಿಯಾಗಿ ಸುತ್ತಿ, ಎರಡನೆಯದನ್ನು ಒಂದು ಸುತ್ತಿನ ಸಂದು ಬಿಟ್ಟು, ಮೂರನೆಯದನ್ನು ಐದು ಸುತ್ತಿನ ಸಂದು ಬಿಟ್ಟು. ಉಳಿದೆಲ್ಲ ಒಂದೇ ಇರಲಿ: ಹಾಳೆ, ರೆಕ್ಕೆ, ಪೈಪಿನ ಓರೆ, ಮೆಟ್ಟುವ ಹುಡುಗ. ಯಾವುದು ಹೆಚ್ಚು ದೂರ ಹೋಗುತ್ತದೆಂದು ಹಾರಿಸುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದೊಂದನ್ನೂ ಐದು ಸಲ ಹಾರಿಸಿ, ದೂರ ಅಳೆದು ಸರಾಸರಿ ತೆಗೆಯಿರಿ. ಬಿಗಿಯಾಗಿ ಸುತ್ತಿದ್ದನ್ನು ಒಣ ದಿನ ಒಮ್ಮೆ, ಮಳೆ ಹೊಯ್ಯುವ ದಿನ ಜಗಲಿಯಿಂದ ಒಮ್ಮೆ ಪೈಪಿಗೆ ಹಾಕಿ ತೆಗೆದು ನೋಡಿ.

ಕಡಬದ ಆ ಕಿಟ್ ರಾಕೆಟನ್ನು ಮಕ್ಕಳು ಬಿಚ್ಚಿ, ಹೊಸ ರಟ್ಟಿನ ಬಳೆ ಮಾಡಿ, ಮತ್ತೆ ಜೋಡಿಸಿದ್ದಾರೆ. ಮೂತಿಯ ಬುಡ ಉಜ್ಜಿದ ಹುಡುಗಿ ಈಗ ಪ್ರತಿ ತಿಂಗಳ ಮೊದಲ ಶನಿವಾರ ಅದನ್ನು ಹಾಕಿ ತೆಗೆದು ‘ಬಿಗಿ’, ‘ಸರಿ’, ‘ಸಡಿಲ’ ಎಂದು ಗೋಡೆಯ ಪಟ್ಟಿಯಲ್ಲಿ ಬರೆಯುತ್ತಾಳೆ. ಸೆಪ್ಟೆಂಬರಿನಲ್ಲಿ ಬರೆದದ್ದು ‘ಸರಿ’. ಜನವರಿಯಲ್ಲಿ ಟೇಪ್ ಬೇಕಾಗುತ್ತದೆಂದು ಅವಳ ಊಹೆ.